ಓಟದ ಕಣದ ಮೇಲೆ ಕುಳಿತ ಊರು

ಸ್ಪೇನಿನ ಬಾರ್ಸಿಲೋನಾದಿಂದ ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ಸಾಗುವ ರೈಲು ಒಂದು ಗಂಟೆಗಿಂತ ತುಸು ಹೆಚ್ಚಿನ ಸಮಯದಲ್ಲಿ ತಾರಗೋನಾ ತಲುಪುತ್ತದೆ. ರೋಮನ್ನರ ಕಾಲದಲ್ಲಿ ತಾರಾಕೋ ಎನಿಸಿಕೊಂಡಿದ್ದ, ಕ್ರಿ.ಪೂ. 26-25ರಲ್ಲಿ ಚಕ್ರವರ್ತಿ ಆಗಸ್ಟಸ್ ತಂಗಿದ್ದ ಈ ಊರಿನಲ್ಲಿ ನಾನು ಮೊದಲು ಹೋದದ್ದು ಕಡಲಿಗೆ ಮುಖಮಾಡಿರುವ ಆಂಫಿಥಿಯೇಟರಿಗೆ, ಅಂದರೆ ಕಣದ ಸುತ್ತ ಮೆಟ್ಟಿಲುಮೆಟ್ಟಿಲಾಗಿ ಆಸನಗಳಿರುವ ಬಯಲು ರಂಗಕ್ಕೆ.

2ನೇ ಶತಮಾನದ ಈ ಕಟ್ಟಡದ ಕೆಲವು ಆಸನಸಾಲುಗಳನ್ನು ಇಳಿಜಾರಿನ ಬಂಡೆಯಲ್ಲೇ ಕೊರೆಯಲಾಗಿದೆ. ಎಲ್ಲರೂ ಚಿತ್ರ ತೆಗೆಯುವುದು ಹಿನ್ನೆಲೆಯ ನೀಲಿ ಕಡಲನ್ನು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕಣದ ನಡುವೆ ಉಳಿದಿರುವ ಚರ್ಚಿನ ಗೋಡೆಗಳ ಬುಡ. ಕ್ರಿ.ಶ. 259ರಲ್ಲಿ, ವಲೇರಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ, ಬಿಷಪ್ ಫ್ರುಕ್ಟುವೋಸುಸ್ ಮತ್ತು ಅವರ ಇಬ್ಬರು ಡೀಕನ್ನರನ್ನು (ಚರ್ಚಿನ ಸೇವೆಯಲ್ಲಿ ಬಿಷಪ್‌ಗೆ ನೆರವಾಗುವವರು) ಇಲ್ಲಿಯೇ ಜೀವಂತ ಸುಡಲಾಯಿತು. ಅವರ ನೆನಪಿಗೆ 6ನೇ ಶತಮಾನದಲ್ಲಿ ಒಂದು ಚರ್ಚು, 12ನೇ ಶತಮಾನದಲ್ಲಿ ಅದೇ ಜಾಗದಲ್ಲಿ ಇನ್ನೊಂದು ಎದ್ದಿತು; ಆ ಎರಡನೆಯದು ಕೊನೆಗಾಲದಲ್ಲಿ ಸೆರೆಮನೆಯೂ ಆಯಿತು.

ಆದರೆ ಊರನ್ನು ಅರ್ಥಮಾಡಿಸುವುದು ಆಂಫಿಥಿಯೇಟರಲ್ಲ, ರಥದ ಓಟಕ್ಕೆಂದು 1ನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಡೊಮಿಷಿಯನ್ನನ ಕಾಲದಲ್ಲಿ ಕಟ್ಟಿದ ಸರ್ಕಸ್. ಸುಮಾರು 325 ಮೀಟರ್ ಉದ್ದದ, 30,000ದಷ್ಟು ಜನ ಕೂರಬಹುದಾಗಿದ್ದ ಈ ಕಟ್ಟಡ ಸಾಮಾನ್ಯವಾಗಿ ಊರಾಚೆ ಇರಬೇಕಾದದ್ದು. ಇಲ್ಲಿ ಕೋಟೆಯ ಒಳಗೇ ಇದೆ. ಪೂರ್ವದ ತುದಿಯನ್ನು ಅಗೆದು ತೆರೆದಿಟ್ಟಿದ್ದಾರೆ. ಚೀಟಿ ಕೊಂಡು ಪ್ರೇಕ್ಷಕರ ಮೆಟ್ಟಿಲುಗಳನ್ನು ಹೊತ್ತಿದ್ದ ಕಮಾನುಚಾವಣಿಯ ಉದ್ದನೆಯ ಸುರಂಗದಲ್ಲಿ ನಡೆಯಬಹುದು. ಉಳಿದ ಕಮಾನುಗಳ ಮೇಲೆ ಮಧ್ಯಯುಗದಿಂದಲೂ ಜನ ಮನೆ ಕಟ್ಟಿಕೊಂಡು ಬಂದಿದ್ದಾರೆ. ಊಟಕ್ಕೆಂದು ನಾನು ಹೊಕ್ಕ ಹೋಟೆಲಿನ ಹಿಂಬದಿಯ ಕೋಣೆಯೇ ಅಂಥದೊಂದು ಕಮಾನು: ಗಾರೆ ಮತ್ತು ಕಲ್ಲುಚೂರು ಕಲಸಿ ಎರಕ ಹೊಯ್ದ ಆ ಚಾವಣಿಯ ಕೆಳಗೆ ಮೇಜು ಹಾಕಿದ್ದರು, ಮೇಲಂತಸ್ತಿನಲ್ಲಿ ಯಾರೋ ವಾಸವಿದ್ದರು.

ಸ್ಮಾರಕದ ರಕ್ಷಣೆಯ ಹೆಸರಿನಲ್ಲಿ 2011ರಲ್ಲಿ ಹಂಪಿ ಬಜಾರಿನ ಮಂಟಪಗಳಿಂದ ಜನರನ್ನು ಎಬ್ಬಿಸಿದ್ದನ್ನು ಬಲ್ಲ ನನಗೆ, 2000ದಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಈ ಊರಿನಲ್ಲಿ ಸ್ಮಾರಕವೂ ಮನೆಗಳೂ ಹೊಂದಿಕೊಂಡಿರುವುದು ವಿಚಿತ್ರವಾಗಿಯೇ ಕಂಡಿತು. ಎರಡೂ ಊರುಗಳ ಪರಿಸ್ಥಿತಿ ಒಂದೇ ಎಂದು ನಾನು ಹೇಳಲಾರೆ. ಆದರೆ ತಾರಗೋನಾದ ಕಮಾನುಗಳು ಇಷ್ಟು ಕಾಲ ನಿಂತಿರುವುದರಲ್ಲಿ ಅವುಗಳನ್ನು ಬಿಡದೆ ಬಳಸಿದವರ ಪಾಲೂ ಇದೆ.

ಸಂಜೆ ರೋಮನ್ನರ ಕಾಲದ ಪ್ರೆತೋರಿ ಗೋಪುರವನ್ನು ಹತ್ತಿದಾಗ ಮನೆಗಳ ಸಾಲುಗಳಲ್ಲೇ ಓಟದ ಕಣದ ಗೆರೆಯನ್ನು ಗುರುತಿಸಲು ಸಾಧ್ಯವಾಯಿತು. ಕುದುರೆಗಳು ಓಡಿದ್ದ ನೆಲದ ಒಂದು ಭಾಗ ಈಗ ಪ್ಲಾಸಾ ದೆ ಲಾ ಫೋಂತ್ ಎಂಬ ಉದ್ದನೆಯ ಚೌಕ. ಅದರ ಒಂದು ತುದಿಯಲ್ಲಿ ನಗರಸಭೆಯ ಕಚೇರಿ ಇದೆ.