ನೀರು ಬಿಡಾಂವ ಮತ್ತು ಜನಗಣತಿ

2011ರ ಜನಗಣತಿಯಲ್ಲಿ ನನಗೆ ಬಂದದ್ದು ಹಳೇ ಬಾಗಲಕೋಟೆಯ ಒಂದು ಬ್ಲಾಕು. ಆಲಮಟ್ಟಿ ಹಿನ್ನೀರು ನುಂಗಿ ಬಿಟ್ಟುಳಿದ ಊರಿನ ಕೆಲವು ಓಣಿಗಳು. ಫೆಬ್ರುವರಿ 9ರಿಂದ 28ರೊಳಗೆ ಮುಗಿಸಬೇಕು. ಪ್ರಚಾರಕ್ಕೆ ಕೊರತೆ ಇರಲಿಲ್ಲ. ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿ ಸಾರಿದ್ದರು, ಶಾಲೆ ಮಕ್ಕಳ ಜಾಥಾ ಆಗಿತ್ತು, ಗುಡಿ-ಮಸೀದಿಯ ಸ್ಪೀಕರಿನಲ್ಲೂ ಹೇಳಿಸಿದ್ದರು. ಆದರೂ ನಾನು ನಮೂನೆ ಹಿಡಿದು ಬಾಗಿಲು ಬಡಿದರೆ ಒಳಗಿನಿಂದ ಬರುತ್ತಿದ್ದದ್ದು ಒಂದೇ ಮಾತು: "ಈ ಸಲ ನೀರು ಎಲ್ಲೀ ತನಾ ಬರತೈತ್ರಿ ಮಾಸ್ತರ?"

ತಪ್ಪು ಅವರದಲ್ಲ. ಹಿಂದೆ ಮುಳುಗಡೆಯ ಹೊತ್ತಿನಲ್ಲೂ ಹೀಗೇ ಹಾಳೆ ಹಿಡಿದು ಬಂದವರು ಗೋಡೆ ಅಳೆದಿದ್ದರು, ನಂಬರು ಬರೆದಿದ್ದರು, ಪರಿಹಾರದ ಲೆಕ್ಕ ಹಾಕಿದ್ದರು. ಆಮೇಲೆ ಅಕ್ಕಪಕ್ಕದವರೆಲ್ಲ ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಬೇರೆ ಬೇರೆ ಸೆಕ್ಟರಿಗೆ ಚದುರಿ ಹೋಗಿದ್ದರು. ಸಾಲದ್ದಕ್ಕೆ 2010ರ ಡಿಸೆಂಬರ್ 30ರಂದು ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ, ಆಲಮಟ್ಟಿಯಲ್ಲಿ 519.6 ಮೀಟರ್ ಬದಲು 524.256 ಮೀಟರ್ ತನಕ ನೀರು ನಿಲ್ಲಿಸಬಹುದೆಂದು ಹೇಳಿತ್ತು. ಚಹಾದಂಗಡಿ ಕಟ್ಟೆಯ ಮೇಲೆ ಬೇರೆ ಮಾತೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಮನೆಮಂದಿ ಎಣಿಸಲು ಬಂದವನು ಮುಳುಗಡೆಯ ಕಡೆಯವನಲ್ಲದೆ ಮತ್ತ್ಯಾರು?

ತರಬೇತಿಯಲ್ಲಿ ಕಲಿತದ್ದನ್ನು ನಾನು ಉತ್ಸಾಹದಿಂದ ಒಪ್ಪಿಸಿದೆ. 1948ರ ಜನಗಣತಿ ಕಾಯ್ದೆ ಐತಿ, ನೀವು ಹೇಳಿದ್ದು ಗುಟ್ಟಾಗಿ ಇರತೈತಿ, ಕೋರ್ಟಿನಾಗೂ ಇದನ್ನ ಸಾಕ್ಷಿ ಅಂತ ಹಿಡಿಯಂಗಿಲ್ಲ. ಪರಿಹಾರದ ಕೇಸಿಗಾಗಿ ವರ್ಷಗಟ್ಟಲೆ ಅಲೆದಿದ್ದ ಒಬ್ಬ ಅಜ್ಜಿ ಪೂರ್ತಿ ಕೇಳಿಸಿಕೊಂಡು ಅಂದಳು: "ಕೋರ್ಟಿನಾಗ ನಡೀಲಾರದ ಕಾಗದ ತಗೊಂಡು ನಾ ಏನ ಮಾಡ್ಲೋ ತಮ್ಮಾ?"

ಕೊನೆಗೆ ಕೆಲಸಕ್ಕೆ ಬಂದವನು ಆ ಭಾಗದಲ್ಲಿ ನಳದ ನೀರು ಬಿಡುವವನು. ಓಣಿ ತೋರಿಸಲಿಕ್ಕೆಂದು ಅವನನ್ನು ಜೊತೆಗೆ ಕೊಟ್ಟಿದ್ದರು. "ನೀರು ಬಿಡಾಂವ ಬಂದಾನ" ಅಂದರೆ ಸಾಕು, ಮುಚ್ಚಿದ ಬಾಗಿಲು ತೆರೆಯುತ್ತಿದ್ದವು. ಅವನನ್ನು ಬೈಯಲು ಹೊರಬಂದವರು ಬೈದು ಮುಗಿಸಿದ ಮೇಲೆ ನನ್ನ 29 ಪ್ರಶ್ನೆಗೂ ಉತ್ತರ ಕೊಟ್ಟೇ ಒಳಗೆ ಹೋಗುತ್ತಿದ್ದರು. ಯಾವ ಮನೆಯ ಹಿಂದಿನ ಪಡಸಾಲೆಯಲ್ಲಿ ಬೇರೆ ಒಲೆ ಹೂಡಿದ್ದಾರೆ, ಯಾರ ಮಗ ಗೋವಾಕ್ಕೆ ಹೋಗಿ ಬಾರದೇ ಉಳಿದಿದ್ದಾನೆ, ಎಲ್ಲ ಅವನಿಗೆ ಬಾಯಿಪಾಠ. ವಯಸ್ಸು ಗೊತ್ತಿಲ್ಲ ಅಂದವರಿಗೆ ಅವನೇ ಕೇಳುವನು, "72ರ ಬರದಾಗ ನೀ ನಡೀತಿದ್ದೇನ, ತೊಟ್ಟಿಲದಾಗಿದ್ದೇನ?" ಅರ್ಧ ಓಣಿಯ ವಯಸ್ಸು ಆ ಬರಗಾಲದಿಂದಲೇ ಲೆಕ್ಕ ಸಿಕ್ಕಿತು. 2027ರ ಗಣತಿಗೆ ಮೊಬೈಲಿನಲ್ಲಿ ತಾವೇ ವಿವರ ತುಂಬಬಹುದಂತೆ. ಒಳ್ಳೆಯದೇ. ಆದರೆ ಪ್ರಚಾರದ ರೊಕ್ಕದಲ್ಲಿ ಸ್ವಲ್ಪ ಉಳಿಸಿ ಇಂಥವರಿಗೊಂದು ಭತ್ಯೆ ಕೊಟ್ಟರೆ ಹೆಚ್ಚು ಬಾಗಿಲು ತೆರೆದಾವು ಅಂತ ನನ್ನ ಅನಿಸಿಕೆ.

ಕಿಲ್ಲಾ ಕಡೆಯ ಒಬ್ಬ ಅಜ್ಜನದು ಮಾತ್ರ ಬಗೆಹರಿಯಲಿಲ್ಲ. ಊಟ-ನಿದ್ದೆ ನವನಗರದಲ್ಲಿ ಮಗನ ಮನೆಯಲ್ಲಿ, ಹಗಲೆಲ್ಲ ಇಲ್ಲಿ ಹಳೇ ಮನೆಯ ಕಟ್ಟೆಯ ಮೇಲೆ. ನಿಯಮದ ಪ್ರಕಾರ ನಿಮ್ಮ ಹೆಸರು ಅಲ್ಲೇ ಬರತೈತಿ ಎಂದೆ.

"ಹಂಗಾರ ಈ ಮನ್ಯಾಗ ಯಾರೂ ಇಲ್ಲಂತ ಬರೀತೀರೇನು?"

"ಬೀಗ ಹಾಕೇತಿ ಅಂತ ಬರೀತೀನ್ರಿ."

"ಬೀಗ ಎಲ್ಲೈತಿ? ಬಾಗಲಾ ತಗದೈತಿ, ನೋಡ್ರಿ."

ನಾಲ್ಕು ದಿನ ಬಿಟ್ಟು ಅದೇ ಓಣಿಗೆ ಹೋದಾಗ ಪಡಸಾಲೆಯಲ್ಲಿ ಹಾಸಿಗೆ ಸುತ್ತಿ ಇಟ್ಟಿತ್ತು, ಮೂಲೆಯಲ್ಲಿ ಸ್ಟೋವು, ಒಂದು ಪಾತೇಲಿ. ಮಗ ಸಿಟ್ಟಾಗಿದ್ದನಂತೆ. "ಮೂರು ರಾತ್ರಿ ಇಲ್ಲೇ ಮಲಗೇನಿ. ಇನ್ನ ಬರಕೋರಿ" ಎಂದು ಅಜ್ಜ ನನ್ನ ಮುಂದೆ ಕೂತ. ನಾನು ನವನಗರದ ಆ ಸೆಕ್ಟರಿಗೆ ಹೋಗುತ್ತಿದ್ದ ಮಾಸ್ತರಿಗೆ ಫೋನು ಹಚ್ಚಿ, ಆ ಮನೆಯಲ್ಲಿ ಅಜ್ಜನ ಹೆಸರು ಬರೆದಿದ್ದರೆ ಹೊಡೆದು ಹಾಕಲು ಹೇಳಿ, ಹೊಸ ನಮೂನೆ ತೆಗೆದೆ.