ಮನೆಗೋ, ಕೆಲಸಕ್ಕೋ?

ಮಂಗಳವಾರ ಸಂಜೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಯವರು ನನ್ನನ್ನು ಕೇಳಿದ್ದು ಇಷ್ಟೇ: “ಮನೆಗೋ, ಕೆಲಸಕ್ಕೋ?”

ಕೇಳುವಾಗ ಅವರು ತಲೆ ಎತ್ತಲಿಲ್ಲ. ಸ್ಪ್ಯಾನರ್ ಬೇಕು ಎಂದು ಬಂದವರನ್ನೆಲ್ಲ ದಿನವಿಡೀ ಕೇಳುವ ಪ್ರಶ್ನೆ ಅದು. ನಾನು “ಮನೆಗೆ” ಎಂದೆ. ಅವರ ಕೈ ತಾನಾಗಿಯೇ ಕೆಳಗಿನ ಹಲಗೆಗೆ ಹೋಯಿತು. ಪ್ಲಾಸ್ಟಿಕ್ ಹೊದಿಕೆಯೊಳಗೆ ಥಳಥಳಿಸುತ್ತಿದ್ದ ಒಂದು ಸೆಟ್ ಗಾಜಿನ ಮೇಲೆ ಬಂದು ಕುಳಿತಿತು. ಭಾನುವಾರ ನನ್ನ ಬೈಕಿನ ಬೋಲ್ಟನ್ನು ತಿಂದುಹಾಕಿದ್ದು ಅಂಥದ್ದೇ ಸೆಟ್.

ಎಂಜಿನ್ ಆಯಿಲ್ ಬದಲಿಸಲು ಬೆಳಿಗ್ಗೆಯೇ ಪಾರ್ಕಿಂಗಿನಲ್ಲಿ ಹಳೆಯ ಪೇಪರ್ ಹಾಸಿ ಮಲಗಿದ್ದೆ. ನನ್ನ ಸ್ಪ್ಲೆಂಡರಿನ ಆಯಿಲ್ ಬಿಡುವ ಬೋಲ್ಟಿನ ತಲೆ 17 ಮಿಲಿಮೀಟರಿನದು. 399 ರೂಪಾಯಿಗೆ ತರಿಸಿದ್ದ ಸೆಟ್ಟಿನ 17ರ ರಿಂಗ್ ಸ್ಪ್ಯಾನರ್ ಹಾಕಿ ಒತ್ತಿದೆ. ಮೊದಲ ಒತ್ತಿಗೆ ಕರಕ್ ಎಂದು ಜಾರಿತು, ಎರಡನೆಯದಕ್ಕೂ ಜಾರಿತು. ಮೂರನೆಯದಕ್ಕೆ ನನ್ನ ಗೆಣ್ಣು ಫುಟ್‌ರೆಸ್ಟಿಗೆ ಬಡಿದು ರಕ್ತ ಬಂತು. ಟಾರ್ಚ್ ಹಿಡಿದು ನೋಡಿದರೆ ಬೋಲ್ಟಿನ ಆರು ಮೂಲೆಗಳೂ ಸವೆದು ದುಂಡಗಾಗಿದ್ದವು. ಪಕ್ಕದಲ್ಲಿ ಕಾರು ಒರೆಸುತ್ತಿದ್ದ ನೆರೆಯವರು “ಇನ್ನೂರು ರೂಪಾಯಿ ಕೊಟ್ಟರೆ ಯಾರಾದರೂ ಮಾಡಿಕೊಡುತ್ತಾರೆ, ನಿಮಗೇಕೆ ಈ ಉಸಾಬರಿ?” ಎಂದರು. ಒಳ್ಳೆಯ ಮನುಷ್ಯರು, ನಮ್ಮ ಅಮ್ಮನನ್ನು ಒಮ್ಮೆ ನಡುರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಆದರೆ ತಮ್ಮ ಮನೆಯ ಯಾವ ವಸ್ತುವನ್ನೂ ಬಿಚ್ಚಿ ನೋಡಿದವರಲ್ಲ. ಈ ವಿಷಯದಲ್ಲಿ ಅವರ ಸಲಹೆಯನ್ನು ನಾನು ತೆಗೆದುಕೊಳ್ಳುವುದಿಲ್ಲ.

ಸೋಮವಾರ ಬೈಕನ್ನು ತಳ್ಳಿಕೊಂಡು ಬೀದಿಯ ಕೊನೆಯ ಮೆಕ್ಯಾನಿಕ್ ಬಳಿಗೆ ಹೋದೆ. ಇಪ್ಪತ್ತೆರಡು ವರ್ಷದ ಹುಡುಗ ಇರಬಹುದು. 16ರ ಸಾಕೆಟನ್ನು ಆ ದುಂಡು ತಲೆಯ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಿ ಒಂದೇ ಎಳೆತಕ್ಕೆ ಸಡಿಲಿಸಿದ. ಮನೆ ಸೇರುವಷ್ಟು ಮತ್ತೆ ಬಿಗಿ ಮಾಡಿ, “ಹೊಸ ಬೋಲ್ಟು, ಹೊಸ ವಾಷರು ತಂದುಬಿಡಿ ಅಣ್ಣಾ” ಎಂದ. ಆಮೇಲೆ ನನ್ನ ಸ್ಪ್ಯಾನರನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ವಾಪಸ್ ಕೊಟ್ಟ. ಅವನು ಬೈದಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ.

ಅದಕ್ಕೇ ಮಂಗಳವಾರ ಕಚೇರಿ ಮುಗಿದ ಮೇಲೆ ಮೆಟ್ರೊ ಹತ್ತಿ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದೆ. ಜೆ.ಸಿ. ರಸ್ತೆಯಲ್ಲಿ ಬೋಲ್ಟು, ವಾಷರು ಸಿಕ್ಕವು. ಅಲ್ಲಿಂದ ಎಸ್.ಜೆ.ಪಿ. ರಸ್ತೆಗೆ ಬಂದೆ. ಮೋಟಾರು, ಪಂಪು, ಬೇರಿಂಗು, ಸರಪಳಿ, ಸುತ್ತಿಗೆಗಳ ನಡುವೆ ಒಬ್ಬರು ನಿಲ್ಲುವಷ್ಟೇ ಅಗಲದ ಅಂಗಡಿ.

ನನ್ನ ಹಿಂದೆ ನಿಂತಿದ್ದವರ ಕೈಗೆ ಗ್ರೀಸ್ ಮೆತ್ತಿತ್ತು. ಅಂಗಡಿಯವರು ಅವರನ್ನೂ ಅದನ್ನೇ ಕೇಳಿದರು. ಅವರು “ಕೆಲಸಕ್ಕೆ” ಎಂದದ್ದೇ ತಡ, ಮೇಲಿನ ಡ್ರಾಯರ್ ತೆರೆಯಿತು. ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿದ್ದ, ಹೊಳಪಿಲ್ಲದ, ತೂಕದ ಸ್ಪ್ಯಾನರ್ ಹೊರಬಂತು.

“ಅದನ್ನೂ ತೋರಿಸಿ” ಎಂದೆ.

“ಮನೆಗೆ ಅದೇಕೆ ಸ್ವಾಮಿ? ವರ್ಷಕ್ಕೆ ನಾಲ್ಕು ಸಲ ಮುಟ್ಟುತ್ತೀರಿ. ಇದು ಸಾಕು.”

ಅವರು ನನಗೆ ಹಣ ಉಳಿಸಿಕೊಡಲು ನೋಡುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಕೇಳಿದ ಮೇಲೆ ಅವರೇ ಒಂದು 17ರ ಬೋಲ್ಟನ್ನು ತೆಗೆದು ಮೊದಲು ಅಗ್ಗದ ರಿಂಗಿನೊಳಗೆ ಇಟ್ಟು ಅಲುಗಾಡಿಸಿದರು. ಅದು ಸಡಿಲವಾದ ಹಲ್ಲಿನಂತೆ ಆಡಿತು. ನಂತರ ಡ್ರಾಯರಿನಿಂದ ತೆಗೆದ ಟಪಾರಿಯಾ ಕಂಪನಿಯದ್ದಕ್ಕೆ ಇಟ್ಟರು. ಆಡಲಿಲ್ಲ. ಎರಡರ ಮೇಲೂ ಕ್ರೋಮ್ ವೆನೇಡಿಯಮ್, ಅಂದರೆ ಗಟ್ಟಿ ಉಕ್ಕು, ಎಂಬ ಅಚ್ಚು ಇತ್ತು. ಅಚ್ಚು ಒತ್ತುವುದಕ್ಕೆ ಯಾವ ಖರ್ಚೂ ಇಲ್ಲ. ಬೋಲ್ಟನ್ನು ಇಟ್ಟು ಅಲುಗಾಡಿಸಿದರೆ ಮಾತ್ರ ನಿಜ ಗೊತ್ತಾಗುತ್ತದೆ. ರಿಂಗಿನ ಬಾಯಿ ಕೂದಲೆಳೆಯಷ್ಟು ದೊಡ್ಡದಾಗಿದ್ದರೂ ಒತ್ತಡವೆಲ್ಲ ಬೋಲ್ಟಿನ ಮೂಲೆಯ ತುದಿಗೆ ಬೀಳುತ್ತದೆ, ತುದಿ ಉರುಳಿ ಹೋಗುತ್ತದೆ. ಸರಿಯಾಗಿ ಕೂರುವ ರಿಂಗು ಮೂಲೆಯಿಂದ ಸ್ವಲ್ಪ ಈಚೆಗೆ, ಚಪ್ಪಟೆ ಬದಿಯನ್ನು ಒತ್ತುತ್ತದೆ. ಒಳಗೆ ಹನ್ನೆರಡು ಹಲ್ಲಿನ ಬದಲು ಆರೇ ಮೂಲೆಯಿರುವ ಸಾಕೆಟಿನ ಹಿಡಿತ ಇನ್ನೂ ಭದ್ರ. ಮೆಕ್ಯಾನಿಕ್ ಹುಡುಗ ಬಳಸಿದ್ದು ಅದನ್ನೇ.

ಅಂಗಡಿಯವರ ಲೆಕ್ಕವೇ ತಲೆಕೆಳಗು ಎಂದು ನನಗೆ ಅಲ್ಲಿ ನಿಂತೇ ಅನ್ನಿಸಿತು. ದಿನಕ್ಕೆ ಐವತ್ತು ಬೋಲ್ಟ್ ಬಿಚ್ಚುವವನ ಕೈಗೆ ಜಾರುವುದಕ್ಕೂ ಮೊದಲೇ ಸುಳಿವು ಸಿಗುತ್ತದೆ. ಅವನು ಸವೆದ ಸ್ಪ್ಯಾನರಿನಲ್ಲೂ ಸಂಭಾಳಿಸುತ್ತಾನೆ. ವರ್ಷಕ್ಕೆ ನಾಲ್ಕು ಸಲ ಮುಟ್ಟುವ ನನ್ನ ಕೈಗೆ ಆ ಬುದ್ಧಿ ಇಲ್ಲ. ನನಗೆ ಒಳ್ಳೆಯದು ಅವನಿಗಿಂತ ಹೆಚ್ಚು ಬೇಕು. ಇದನ್ನು ಹೇಳಿದಾಗ ಅವರು ಮೊದಲ ಬಾರಿಗೆ ತಲೆ ಎತ್ತಿ ನನ್ನನ್ನು ನೋಡಿದರು.

ಸೆಟ್ ಕೊಳ್ಳಲಿಲ್ಲ. 8, 10, 12, 14, 17 ಎಂದು ಐದನ್ನೇ ಬಿಡಿಯಾಗಿ ತೆಗೆದುಕೊಂಡೆ. ಹೋಂಡಾ ವಂಶದ ಬೈಕಿಗೆ ಹೆಚ್ಚೂಕಡಿಮೆ ಇವೇ ಸಾಕು. ಎಂಟು ಮಿಲಿಮೀಟರ್ ದಪ್ಪದ ಬೋಲ್ಟಿಗೆ ಜರ್ಮನ್ ಅಳತೆಯಲ್ಲಿ 13ರ ತಲೆ ಇದ್ದರೆ ಜಪಾನಿನವರದು 12. ಸೆಟ್ಟಿನಲ್ಲಿ ಬರುವ 13, 15, 16ಗಳನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಐದಕ್ಕೂ ಸೇರಿ ಸುಮಾರು 900 ರೂಪಾಯಿ ಆಯಿತು. ಅಂಗಡಿಯವರು ಅವನ್ನೂ ಎಣ್ಣೆ ಕಾಗದದಲ್ಲೇ ಸುತ್ತಿ ಕೊಟ್ಟರು.

ವಾಪಸ್ ಬರುವಾಗ ಮೆಟ್ರೊದಲ್ಲಿ ನಿಂತು ಅದೇ ಮಾತನ್ನು ತಿರುವಿಹಾಕುತ್ತಿದ್ದೆ. ಮನೆಗೋ, ಕೆಲಸಕ್ಕೋ? ಅದು ಅಂಗಡಿಯವರ ಪ್ರಶ್ನೆಯಲ್ಲ, ನಮ್ಮ ಮನೆಯದೇ ಹಳೆಯ ಪ್ರಶ್ನೆ ಎಂದು ಬನಶಂಕರಿ ಬರುವಷ್ಟರಲ್ಲಿ ಹೊಳೆಯಿತು.

ನಮ್ಮ ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದರು. ಕಾರ್ಖಾನೆ 1953ರದು, ಅಪ್ಪ ಸೇರಿದ್ದು 1971ರಲ್ಲಿ. ಹಿತ್ತಾಳೆ ಟೋಕನ್ ಕೊಟ್ಟು ಉಪಕರಣ ಪಡೆಯುವುದು, ಸಂಜೆ ಒರೆಸಿ ಹಿಂದಿರುಗಿಸಿ ಟೋಕನ್ ಪಡೆಯುವುದು, ಇದನ್ನು ಅವರು ಪೂಜೆಯ ಕ್ರಮ ಹೇಳಿದಂತೆ ಹೇಳುತ್ತಿದ್ದರು. ಮಿಲಿಮೀಟರಿನ ನೂರರಲ್ಲೊಂದು ಪಾಲು ತಪ್ಪಿದರೆ ಭಾಗವನ್ನು ಪಕ್ಕಕ್ಕೆ ಎಸೆಯುತ್ತಿದ್ದ ಆ ಮನುಷ್ಯ ಮನೆಯಲ್ಲಿ ಮೊಳೆ ಹೊಡೆಯುತ್ತಿದ್ದದ್ದು ಕಟಿಂಗ್ ಪ್ಲೇಯರಿನ ಬೆನ್ನಿನಿಂದ. ನಮ್ಮಲ್ಲಿದ್ದ ಒಂದೇ ಸ್ಕ್ರೂಡ್ರೈವರಿನ ಹಿಡಿ ಒಡೆದು ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿತ್ತು. ಅಮ್ಮ ಮೂವತ್ತು ವರ್ಷ ತರಕಾರಿ ಹೆಚ್ಚಿದ ಈಳಿಗೆಮಣೆಯ ಒಂದು ಕಾಲು ಕುಂಟುತ್ತಿತ್ತು, ಅದರ ಕೆಳಗೆ ರಟ್ಟು ಮಡಚಿ ಇಡುತ್ತಿದ್ದರು. ಏನು ಕೇಳಿದರೂ ಬರುತ್ತಿದ್ದ ಉತ್ತರ ಒಂದೇ: ಮನೆಗೆ ತಾನೇ, ನಡೆಯುತ್ತದೆ. ಒಳ್ಳೆಯ ಲೋಟ ನೆಂಟರಿಗೆ, ಒಳ್ಳೆಯ ಅಂಗಿ ಕಚೇರಿಗೆ, ಒಳ್ಳೆಯ ಅಳತೆ ಕಾರ್ಖಾನೆಗೆ. ನಾವು ನಿಜವಾಗಿ ಬದುಕುವ ಜಾಗಕ್ಕೆ ಮಾತ್ರ ಉಳಿದದ್ದು, ಕುಂಟುವುದು, ಜಾರುವುದು. ಇದು ನನ್ನನ್ನು ಬಾಧಿಸಿದಷ್ಟು ಗೆಣ್ಣಿನ ಗಾಯವೂ ಬಾಧಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಎಲ್ಲ ಹೇಳಿ, “ಅಪ್ಪನಿಗೆ ಮನೆಗೂ ಒಂದು ಒಳ್ಳೆಯ ಸುತ್ತಿಗೆ ತರಬೇಕು ಎಂದು ಯಾಕೆ ಅನ್ನಿಸಲಿಲ್ಲ ಅಮ್ಮಾ?” ಎಂದು ಕೇಳಿದೆ.

ಅಮ್ಮ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ. “ಅನ್ನಿಸದೆ ಏನು? ಎರಡು ಸಲ ಅಂಗಡಿಗೆ ಹೋಗಿ ಬೆಲೆ ಕೇಳಿಕೊಂಡು ಬಂದರು. ಒಂದು ಸಲ ನಿನ್ನ ಫೀಸು ಬಂತು, ಇನ್ನೊಂದು ಸಲ ನಿನ್ನ ಅತ್ತೆಯ ಮದುವೆ ಬಂತು.”

ನನಗೆ ಅನ್ನ ಇಳಿಯಲಿಲ್ಲ. ಇಷ್ಟು ವರ್ಷ ಅದನ್ನು ಅಪ್ಪನ ಸ್ವಭಾವ ಎಂದುಕೊಂಡಿದ್ದೆ.

ನಿನ್ನೆ ರಾತ್ರಿ ಹೊಸ ಬೋಲ್ಟ್ ಹಾಕಿದೆ. ಅದು ಕೂರುವುದು ಅಲ್ಯೂಮಿನಿಯಮ್ ಕೇಸಿನೊಳಗೆ. ಹೆಚ್ಚು ಬಿಗಿದರೆ ಒಳಗಿನ ಥ್ರೆಡ್ಡೇ, ಅಂದರೆ ತಿರುಪಿನ ಗೆರೆಗಳೇ, ಕಿತ್ತು ಬರುತ್ತವೆ. ಮೊದಲು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರನ್ನು ಉದ್ದಕ್ಕೆ ಹಿಡಿಯದೆ ನಡುವೆ ಹಿಡಿದು ವಾಷರ್ ಕಚ್ಚುವಷ್ಟು ಮಾತ್ರ ಎಳೆದೆ. ಒಂದಿಷ್ಟೂ ಶಬ್ದವಿಲ್ಲ, ಆಟವಿಲ್ಲ.

ಒರೆಸಿ ಮೇಲೆ ತಂದಾಗ ಅಮ್ಮ 17ರದನ್ನು ಕೈಗೆ ತೆಗೆದುಕೊಂಡರು. ತೂಕ ನೋಡಿದರು, ತಣ್ಣಗಿದೆ ಎಂದರು, ಬೆಲೆ ಕೇಳಲಿಲ್ಲ. “ಅಡುಗೆಮನೆಯ ನಲ್ಲಿಯ ನಟ್ಟಿಗೆ ಇದು ಆಗುತ್ತದೆಯೇ? ಆರು ತಿಂಗಳಿಂದ ಬಟ್ಟೆ ಸುತ್ತಿಟ್ಟಿದ್ದೇನೆ.”

ಇಟ್ಟು ನೋಡಿದೆ. ಆಗಲಿಲ್ಲ. ಅಪ್ಪನ ಸ್ಟೀಲ್ ಸ್ಕೇಲಿನಲ್ಲಿ ನಟ್ಟನ್ನು ಅಳೆದು ಬರೆದುಕೊಂಡಿದ್ದೇನೆ. ಶನಿವಾರ ಮತ್ತೆ ಎಸ್.ಜೆ.ಪಿ. ರಸ್ತೆಗೆ ಹೋಗಬೇಕು.