ಸರಿಯಾಗಿ 10,000

ರಾತ್ರಿ ಪಾಳಿ ಈಗ ಮುಗಿಯಿತು. ಕಲಬುರಗಿಯಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿದೆ. ಅವ್ವ ಪಡಸಾಲೆಯಲ್ಲಿ ತೊಗರಿ ಜರಡಿ ಹಿಡಿದಿದ್ದಾಳೆ.

ನಿನ್ನೆ ಸ್ಪ್ಲಂಕ್‌ನಲ್ಲಿ, ಅಂದರೆ ಕಂಪ್ಯೂಟರ್‌ಗಳ ದಾಖಲೆ ಹುಡುಕುವ ಸಾಫ್ಟ್‌ವೇರ್‌ನಲ್ಲಿ, ಒಂದು ದಿನದ ಲಾಗ್ (ಸಮಯ ಸಮೇತ ಬರೆದಿಟ್ಟ ದಾಖಲೆ) ತೆಗೆದಿದ್ದೆ. ಸುಮಾರು 38,000 ಸಾಲು. ಅದು ಹೊಸದನ್ನು ಮೊದಲು ತೋರಿಸುತ್ತದೆ. ನನಗೆ ಹಳೆಯದು ಮೊದಲು ಬೇಕಿತ್ತು. ಸಮಯದ ಮೇಲೆ ಸಾರ್ಟ್ (ಸಾಲುಗಳನ್ನು ಕ್ರಮವಾಗಿ ಜೋಡಿಸುವ ಆಜ್ಞೆ) ಹಾಕಿ, ಮುಂದೆ ಸಾಲಿನಿಂದ ಸಾಲಿಗೆ ಲೆಕ್ಕ ಕೂಡಿಸುತ್ತ ಹೋಗುವ ಸ್ಟ್ರೀಮ್‌ಸ್ಟ್ಯಾಟ್ಸ್‌ನಿಂದ ಲೆಕ್ಕ ಮಾಡಿದೆ. ಎರರ್ ಏನೂ ಬರಲಿಲ್ಲ. ಆದರೆ ಸಂಜೆಯ ಸಾಲು ಒಂದೂ ಇಲ್ಲ. ಎಣಿಕೆ ನೋಡಿದರೆ ಸರಿಯಾಗಿ 10,000. ಅಷ್ಟು ಗುಂಡಗಿನ ಸಂಖ್ಯೆ ಸುಮ್ನೆ ಬರುವುದಿಲ್ಲ, ಅಲ್ವಾ?

ಸಾರ್ಟ್ ಪಕ್ಕ ಮಿತಿ ಹೇಳದಿದ್ದರೆ ಅದು ಜೋಡಿಸಿದ ಮೊದಲ 10,000 ಸಾಲನ್ನಷ್ಟೇ ಮುಂದಕ್ಕೆ ಬಿಡುತ್ತದೆ. ಕೈಪಿಡಿಯಲ್ಲೇ ಇದೆ, ನಾನು ಓದಿರಲಿಲ್ಲ. ಎಲ್ಲವೂ ಬೇಕಾದರೆ ‘ಸಾರ್ಟ್ 0’ ಎಂದು ಬರೆಯಬೇಕು. ಸೊನ್ನೆ ಹಾಕಿದರೆ ಮಿತಿಯೇ ಇರುವುದಿಲ್ಲ. ಸಾಲು ಜಾಸ್ತಿ ಇದ್ದಷ್ಟೂ ಮೆಮೊರಿ ತಿನ್ನುತ್ತದೆ. ಹಾಗಾಗಿ ಬೇಡದ ಫೀಲ್ಡ್‌ಗಳನ್ನು (ಸಾಲಿನೊಳಗಿನ ಒಂದೊಂದು ಮಾಹಿತಿ) ಮೊದಲೇ ತೆಗೆದುಬಿಡುವುದು ಒಳ್ಳೆಯದು. ಸಂಖ್ಯೆಗಳಿದ್ದರೆ ಇನ್ನೊಂದು ಎಚ್ಚರ: ಅಕ್ಷರದಂತೆ ಜೋಡಿಸಿದರೆ 10, 100, 70, 9 ಎಂದು ಬರುತ್ತದೆ. ಅಲ್ಲಿ ಸಂಖ್ಯೆಯಂತೆಯೇ ಜೋಡಿಸು ಎನ್ನುವ ‘ನಮ್’ (num) ಬಳಸಬೇಕು.

ಈ ಲೆಕ್ಕ ನಂಬಿ ಬೇರೆಯವರು ಕೆಲಸ ಮಾಡುತ್ತಾರೆ. ಅದಕ್ಕೇ ರಾತ್ರಿಯೆಲ್ಲಾ ಮನಸ್ಸು ಚುಚ್ಚುತ್ತಿತ್ತು. ಹಳೆಯ ರಿಪೋರ್ಟುಗಳನ್ನೂ ಇವತ್ತು ತೆರೆದು ನೋಡಬೇಕು.

ಅವ್ವ ಚೀಲದ ತಳದ ಹಿಡಿ ತೊಗರಿಯನ್ನೂ ಜರಡಿಗೆ ಸುರಿದಳು.